ಬಲಗಡೆಯಿಂದ ಶುರುವಾದ ಲೆಕ್ಕ

ನಾನು ಒಂದು ಕರಿಹಲಗೆ. ವಿಜಯಪುರದ ಬಡಗಿ ಅಂಗಡಿಯೊಂದರಲ್ಲಿ ಹುಟ್ಟಿದೆ. ಎಂಟು ಅಡಿ ಅಗಲಕ್ಕೆ ಒಂದೇ ತುಂಡು ಸಿಗದೆ ಬಡಗಿ ಎರಡು ಹಲಗೆಗಳನ್ನು ಜೋಡಿಸಿದ. ಹೀಗಾಗಿ ನನ್ನ ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಒಂದು ಗೆರೆ ಉಳಿಯಿತು. ಎಷ್ಟು ಬಣ್ಣ ಬಳಿದರೂ ಅದು ಮುಚ್ಚಲಿಲ್ಲ.

"ಇರ್ಲಿ ಬಿಡಪಾ, ಎಡಕ್ಕೊಂದು ಪುಟ, ಬಲಕ್ಕೊಂದು ಪುಟ ಆತು" ಎಂದು ನಕ್ಕು ನನ್ನನ್ನು ಒಯ್ದವರು ಗಣಿತದ ಗುರುಪಾದಪ್ಪ ಮಾಸ್ತರರು. ಪ್ರತಿ ಮೇ ತಿಂಗಳಲ್ಲಿ ಅವರು ಒಂದು ಹೈಸ್ಕೂಲಿನ ಹಾಲಿನಲ್ಲಿ ಗಣಿತ ಒಲಿಂಪಿಯಾಡ್ ಪರೀಕ್ಷೆಗೆ ತಯಾರಾಗುವ ಮಕ್ಕಳಿಗೆ ಶಿಬಿರ ನಡೆಸುತ್ತಿದ್ದರು. ಹೊರಗೆ ಕಾದ ಬಾಣಲೆಯಂಥ ಬಿಸಿಲು, ಒಳಗೆ ನಲವತ್ತು ಮಕ್ಕಳು. ನನಗೆ ಮೈತುಂಬ ಅಂಕಿ. ಸುಮ್ಮನೆ ಹೇಳುವುದಲ್ಲ, ಆ ದಿನಗಳಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು.

ಮಾಸ್ತರರದು ಎರಡು ಕಟ್ಟಳೆ. ನನ್ನ ಮೇಲೆ ಉತ್ತರ ಬರೆದವರು ಹಿಂದಿನ ಬೆಂಚಿಗೆ ಹೋಗಿ ತುಟಿ ಬಿಚ್ಚದೆ ಕೂರಬೇಕು. "ನೀವು ಮಾತಾಡಬ್ಯಾಡ್ರಿ, ಹಲಗಿ ಮಾತಾಡ್ಲಿ" ಎನ್ನುತ್ತಿದ್ದರು. ಇನ್ನೊಂದು, ಓದುತ್ತ ಹೋಗಿ ಎಲ್ಲಿ ತಪ್ಪು ಸಿಕ್ಕಿತೋ ಅಲ್ಲಿಂದ ಮುಂದಿನದನ್ನೆಲ್ಲ ಒರೆಸಿಬಿಡುವುದು. ಅಡಿಪಾಯವೇ ಸರಿಯಿಲ್ಲದ ಮೇಲೆ ಗೋಡೆ ನೋಡುವುದೇನು ಎಂಬುದು ಅವರ ಲೆಕ್ಕ.

ಒಂದು ವರ್ಷ ಸಮೀನಾ ಬಂದಳು. ಉರ್ದು ಶಾಲೆಯಲ್ಲಿ ಓದಿದ ಸಣಕಲು ಹುಡುಗಿ. ಮೊದಲ ದಿನ ಜೊತೆಗೆ ಬಂದಿದ್ದ ಅವಳ ಅಬ್ಬಾ ಬಾಗಿಲಲ್ಲೇ ನಿಂತು, "ಆಯ್ಕೆ ಲಿಸ್ಟಿನ್ಯಾಗ ಹೆಸರು ಬಂದ್ರ ಮುಂದ ಗಣಿತಾನ ಓದ್ಲಿ ಸರ್. ಇಲ್ಲಾಂದ್ರ ಅವ್ರಕ್ಕನ ಹಂಗ ನರ್ಸಿಂಗ್ ಮಾಡ್ಲಿ" ಎಂದರು. ಸಮೀನಾ ತಲೆ ತಗ್ಗಿಸಿಕೊಂಡೇ ಹೂಂ ಅಂದಳು. ಆ ಹುಡುಗಿಗೆ ಗಣಿತವೆಂದರೆ ಜೀವ ಎಂದು ನನಗೆ ನಾಲ್ಕೇ ದಿನದಲ್ಲಿ ತಿಳಿಯಿತು. ಉಳಿದವರು ಊಟಕ್ಕೆ ಓಡಿದಾಗ ಇವಳು ನನ್ನ ಮುಂದೆ ನಿಂತು ಬೇರೆಯವರ ಉತ್ತರವನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಓದುತ್ತಿದ್ದಳು.

ಕೊನೆಯ ದಿನ ಆಯ್ಕೆ. ಪ್ರತಿಯೊಬ್ಬರಿಗೂ ಒಂದೊಂದು ಲೆಕ್ಕ. ಮುಂದಿನ ಶಿಬಿರಕ್ಕೆ ಹೋಗುವವರು ನಾಲ್ವರು ಮಾತ್ರ. ಸಮೀನಾಳಿಗೆ ಬಂದದ್ದು ಇದು: ಒಂದು ಕೂಟದಲ್ಲಿ ಜನ ಒಬ್ಬರಿಗೊಬ್ಬರು ಕೈ ಕುಲುಕುತ್ತಾರೆ. ಬೆಸ ಸಲ ಕೈ ಕುಲುಕಿದವರನ್ನು ಎಣಿಸಿದರೆ ಅವರು ಯಾವಾಗಲೂ ಸಮಸಂಖ್ಯೆಯಲ್ಲೇ ಇರುತ್ತಾರೆಂದು ಸಾಧಿಸಿ.

ಅವಳು ಸೀಮೆಸುಣ್ಣ ಹಿಡಿದು ನನ್ನ ಬಲಗಡೆಗೆ ಬಂದಳು. ಬಲ ಪುಟದ ಮೇಲೆ ಮೊದಲ ಸಾಲು ಬರೆದಳು: ಶುರುವಿನಲ್ಲಿ ಯಾರೂ ಕೈ ಕುಲುಕಿಲ್ಲ, ಬೆಸದವರು ಸೊನ್ನೆ. ಒಂದು ಸಲ ಕೈ ಕುಲುಕಿದರೆ ಇಬ್ಬರ ಎಣಿಕೆ ಬೆಸದಿಂದ ಸಮಕ್ಕೋ ಸಮದಿಂದ ಬೆಸಕ್ಕೋ ಬದಲಾಗುತ್ತದೆ; ಬೆಸದವರು ಇಬ್ಬರು ಹೆಚ್ಚುತ್ತಾರೆ, ಇಲ್ಲವೆ ಇಬ್ಬರು ಕಡಿಮೆಯಾಗುತ್ತಾರೆ, ಇಲ್ಲವೆ ಇದ್ದಷ್ಟೇ ಇರುತ್ತಾರೆ. ಬಲ ಪುಟ ತುಂಬಿತು. ಗೆರೆ ದಾಟಿ ಎಡ ಪುಟಕ್ಕೆ ಬಂದು ಬರೆದಳು: ಎಷ್ಟು ಸಲ ಕುಲುಕಿದರೂ ಬೆಸದವರು ಸಮವೇ. ಎಷ್ಟು ಚೆಂದದ ಉತ್ತರ! ನನಗೆ ಕುಣಿಯುವಷ್ಟು ಖುಷಿಯಾಯಿತು. ಅವಳು ಕೈ ಝಾಡಿಸಿಕೊಂಡು ಹಿಂದಿನ ಬೆಂಚಿಗೆ ಹೋದಳು.

ಆಗ ಮಾಸ್ತರರು ಬಂದರು. ಬೆಳಗಿನಿಂದ ಓದಿ ಓದಿ ಅವರ ಕಣ್ಣು ಕೆಂಪಾಗಿದ್ದವು. ಎಲ್ಲರಂತೆ ಎಡ ಪುಟದ ಮೇಲಿಂದ ಶುರು ಮಾಡಿದರು.

"ಏನ್ ಸಾಧಿಸಬೇಕೋ ಅದನ್ನ ಮೊದ್ಲ ಒಪ್ಕೊಂಡು ಕುಂತಾಳಲ್ಲ!" ಎಂದು ಒರೆಸುವ ಬಟ್ಟೆ ಎತ್ತಿಕೊಂಡರು. ಎಡ ಪುಟ ಹೋಯಿತು. ಅದೇ ಕೈಯಲ್ಲಿ, ಓದದೆಯೇ, ಬಲ ಪುಟವೂ ಹೋಯಿತು.

ಸಮೀನಾ ಎದ್ದು ನಿಂತಿದ್ದಳು. "ಸರ್, ಎಲ್ಲಿ ತಪ್ಪೈತ್ರಿ?"

"ಮೊದಲನೇ ಸಾಲಿನ್ಯಾಗ ಐತವ್ವ. ಕುಂಡ್ರು."

ಅವಳು ನನ್ನ ಬಲಗಡೆಯ ಮೇಲ್ತುದಿಯನ್ನೇ ನೋಡುತ್ತ ನಿಂತಳು. ಅಲ್ಲಿ ಈಗ ಬರೀ ಬಿಳಿ ಮಸುಕು. ಯಾರೂ ಕೈ ಕುಲುಕಿಲ್ಲ, ಬೆಸದವರು ಸೊನ್ನೆ. ಅದರಲ್ಲಿ ಏನು ತಪ್ಪು? ಅವಳ ತುಟಿ ಅಲುಗುತ್ತಿತ್ತು. ಕೊನೆಗೆ ಕೂತಳು. ಮಾಸ್ತರರು ತಪ್ಪಿರಲಾರರು, ತನಗೇ ತಿಳಿಯುತ್ತಿಲ್ಲ ಎಂದುಕೊಂಡಳು. ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೇ. ಅಂದು ಸಂಜೆ ಅಬ್ಬಾನ ಜೊತೆ ಹೊರಟವಳು ಮತ್ತೆ ಬರಲಿಲ್ಲ.

ಮೂರು ವರ್ಷವಾದ ಮೇಲೆ ಸಮೀನಾಳ ಉರ್ದು ಶಾಲೆಯಿಂದಲೇ ಇನ್ನೊಬ್ಬಳು ಬಂದು ಬಲ ಪುಟದಿಂದ ಬರೆಯತೊಡಗಿದಳು. ಮಾಸ್ತರರು ಎದುರಿಗೇ ಇದ್ದರು.

"ಅಲ್ಲಿಂದ ಯಾಕ ಶುರು ಮಾಡ್ದಿ ತಂಗಿ?"

"ಉರ್ದು ಬಲದಿಂದ ಎಡಕ್ಕಲ್ರಿ ಸರ್, ನಮ್ ಸಾಲ್ಯಾಗ ಹಲಗಿ ಮ್ಯಾಲ ಹಿಂಗ ಬರೀತೀವ್ರಿ. ರೂಢಿ ಆಗೇತ್ರಿ."

ಮಾಸ್ತರರು ಕುರ್ಚಿ ಹುಡುಕಿ ಕೂತರು. ಮಕ್ಕಳು ಹೋದ ಮೇಲೆ ಒಬ್ಬರೇ ನನ್ನ ಮುಂದೆ ನಿಂತರು. ಎಡ ಪುಟದಲ್ಲಿ ಅಂದು ಕಂಡಿದ್ದ ಸಮೀನಾಳ ಸಾಲನ್ನು ಬರೆದರು. ಅದಕ್ಕೆ ಮೊದಲು ಏನಿದ್ದಿರಬೇಕು ಎಂದು ಯೋಚಿಸುತ್ತ ಬಲ ಪುಟಕ್ಕೆ ಬಂದರು. ಶುರುವಿನಲ್ಲಿ ಯಾರೂ ಕೈ ಕುಲುಕಿಲ್ಲ. ಬರೆಯುತ್ತ ಬರೆಯುತ್ತ ಬಲ ಪುಟ ತುಂಬಿತು. ಅಕ್ಷರ ಅವರದು, ಮಾತು ಅವಳದೇ.

ಮರುದಿನ ಸಮೀನಾಳನ್ನು ಹುಡುಕಿಕೊಂಡು ಹೋದರು. ತಿರುಗಿ ಬಂದು ಜವಾನ ಮಲಕಾಜಿಯ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

"ದವಾಖಾನಿಯೊಳಗ ನರ್ಸಿಂಗ್ ಕಲಿಯಾಕತ್ತಾಳೋ. ನಿನ್ನ ಲೆಕ್ಕ ಸರಿ ಇತ್ತವ್ವ, ತಪ್ಪು ನಂದು ಅಂದೆ. 'ಯಾವ ಲೆಕ್ಕ್ರಿ ಸರ್?' ಅಂದ್ಲು. ನನ್ನ ಮಾರಿ ನೋಡಿ ಕುಂಡ್ರಿಸಿ, ಕೈ ಹಿಡ್ದು ನಾಡಿ ನೋಡಿದ್ಲು."

ಮಲಕಾಜಿ ಒರೆಸುವ ಬಟ್ಟೆ ತೆಗೆದುಕೊಂಡು ನನ್ನ ಹತ್ತಿರ ಬಂದ.

"ಅದನ್ನ ಒರಸಬ್ಯಾಡೋ" ಎಂದರು ಮಾಸ್ತರರು.

ಆಮೇಲೆ ಅವರು ಶಿಬಿರ ನಡೆಸಲಿಲ್ಲ. ಹಾಲಿಗೆ ಬಿಳಿ ಹಲಗೆ ಬಂತು, ನಾನು ಮುರಿದ ಬೆಂಚುಗಳ ಕೋಣೆಗೆ ಬಂದೆ. ಯಾರ ಕೈಯಾದರೂ ತಾಗಿ ಅಕ್ಷರ ಅಳಿಸೀತೆಂದು ಮಲಕಾಜಿ ನನ್ನ ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದ್ದಾನೆ. ಉತ್ತರ ಹಾಗೇ ಇದೆ. ಓದುವವರು ಯಾರೂ ಇಲ್ಲ.

ಹಲಗೆ ಮಾತಾಡಲಿ ಎನ್ನುತ್ತಿದ್ದರು ಮಾಸ್ತರರು. ಸೀಮೆಸುಣ್ಣ ಮೊದಲು ನನ್ನನ್ನು ಎಲ್ಲಿ ತಾಗಿತೆಂದು ಅಂದು ನನಗೆ ಗೊತ್ತಿತ್ತು. ಆ ಹುಡುಗಿಯೂ ನಾನು ಹೇಳುತ್ತೇನೆಂದೇ ನಂಬಿ ಸುಮ್ಮನೆ ಕೂತಿದ್ದಳು.