ಹರಿ ಅಂದರೆ ಹರಿಯುವುದೇ

ನಾನು ಒಂದು ಕರಿಹಲಗೆ. ಹುಟ್ಟಿದ್ದು ಹಲಸಿನ ಮರದಲ್ಲಿ, ಕಪ್ಪಾದದ್ದು ಮಕ್ಕಳ ಕೈಯಲ್ಲಿ. ಕಾಸರಗೋಡಿನ ಗಡಿಯ ಒಂದು ಕನ್ನಡ ಶಾಲೆಯಲ್ಲಿ ಅವರು ವರ್ಷವರ್ಷವೂ ತೊಂಡೆಸೊಪ್ಪಿಗೆ ಇದ್ದಿಲು ಸೇರಿಸಿ ನನ್ನ ಮೈ ಉಜ್ಜುತ್ತಿದ್ದರು. ಈಶ್ವರ ಮಾಸ್ಟ್ರು ಇಪ್ಪತ್ತೆಂಟು ವರ್ಷ ನನ್ನ ಮೇಲೆ ಬರೆದರು. ಅವರ ‘ಕ್ಷ’ ನೋಡಬೇಕಿತ್ತು ನೀವು.

ಅವರು ನಿವೃತ್ತರಾದ ಮೇಲೆ ಮೇಲಿನವರು ಕಳಿಸಿದ್ದು ಯಾರನ್ನು? ಕೇರಳದ ತೆಂಕಣ ಜಿಲ್ಲೆಯ, ಮಲಯಾಳ ಮಾತಿನ ವಿನೀಷರನ್ನು. ಮನುಷ್ಯ ಒಳ್ಳೆಯವರೇ, ಆದರೆ ಕನ್ನಡದ ಒಂದಕ್ಷರವೂ ಬಾರದು. ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ಟ್ರು! ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ ಇದು.

ಒಂದು ದಿನ ನಾಲ್ಕನೆಯ ತರಗತಿಗೆ ಲೆಕ್ಕ. ವಿನೀಷರು ನನ್ನ ಮೇಲೆ 84 ಎಂದೂ 4 ಎಂದೂ ಬರೆದು, ಮುಂದಿನ ಸಾಲಿನ ಧನ್ಯಶ್ರೀಯ ಪುಸ್ತಕದತ್ತ ಬೆರಳು ತೋರಿಸಿ “ಹರಿಕ್ಕಣಂ” ಎಂದರು. ಮಲಯಾಳದಲ್ಲಿ ಹಾಗೆಂದರೆ ಭಾಗಿಸಬೇಕು ಎಂದು. ಹುಡುಗಿಗೆ ಕೇಳಿಸಿದ್ದು ‘ಹರಿ’. ಮಾಸ್ಟ್ರು ಹೇಳಿದ ಮೇಲೆ ಮುಗಿಯಿತು. ಪರ್ರನೆ ಹಾಳೆ ಹರಿದು ಅವರ ಕೈಗಿಟ್ಟಳು.

ಅಹಂಕಾರವೆಂದುಕೊಂಡು ಅವರು ಅವಳನ್ನು ಹೊರಗೆ ನಿಲ್ಲಿಸಿದರು. ಲೆಕ್ಕದಲ್ಲಿ ಎಂದೂ ಎಡವದ ಹುಡುಗಿ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಅವಳ ತಾಯಿ, ಬೀಡಿ ಕಟ್ಟುವ ವಾರಿಜ ಬಂದಳು.

“ಎಂತ ಸರ್, ಹರಿ ಅಂದದ್ದು ನೀವೇ ಅಂತೆ. ಹೇಳಿದ ಹಾಗೆ ಮಾಡಿದ್ದಕ್ಕೆ ಹೊರಗೆ ನಿಲ್ಲಿಸುದಾ? ಇನ್ನು ಶಾಲೆಗೇ ಹೋಗುದಿಲ್ಲ ಅಂತ ಕೂತಿದ್ದಾಳೆ.”

ಬಿಸಿಯೂಟದ ಆಯಿಶಮ್ಮ ಅದನ್ನು ಮಲಯಾಳದಲ್ಲಿ ಹೇಳಿದಾಗ ವಿನೀಷರು ತಲೆ ತಗ್ಗಿಸಿದರು. ಅಂದೇ ಹುಡುಗಿಯ ಮನೆಗೆ ಹೋಗಿ ಕರೆದುಕೊಂಡು ಬಂದರು.

ವಾರಿಜ ಅಷ್ಟಕ್ಕೇ ಬಿಡಲಿಲ್ಲ. ನಾಲ್ಕು ತಾಯಂದಿರನ್ನೂ ಆಯಿಶಮ್ಮನನ್ನೂ ಕೂಡಿಕೊಂಡು, ಸಾಕ್ಷಿಗೆಂದು ನನ್ನನ್ನೇ ಗೋಡೆಯಿಂದ ಇಳಿಸಿ, ಆಟೋದಲ್ಲಿ ಹೇರಿ ಶಿಕ್ಷಣ ಕಚೇರಿಯ ಮೇಜಿಗೆ ಒರಗಿಸಿದಳು. ಕನ್ನಡ ಬಲ್ಲ ಮಾಸ್ಟ್ರನ್ನು ಕೊಡಿ ಎಂಬ ಅರ್ಜಿ ಕೊಟ್ಟಳು. ಸಾಹೇಬರು ಅದನ್ನು ಮುಟ್ಟದೆ ಮಲಯಾಳದಲ್ಲಿ ಏನೋ ಅಂದರು.

“ಅರ್ಜಿ ಮಲಯಾಳದಲ್ಲಿ ಬರೆದು ತರಬೇಕಂತೆ,” ಎಂದಳು ಆಯಿಶಮ್ಮ.

“ಅದು ಬರುದಿಲ್ಲ ಅಂತ ಹೇಳ್ಲಿಕ್ಕೇ ಅಲ್ವಾ ನಾವು ಬಂದದ್ದು?” ಎಂದಳು ವಾರಿಜ. ನಾನು ಮರದ ಹಲಗೆ, ನನಗೇ ಮೈ ಉರಿಯಿತು. ಸಾಹೇಬರಿಗೆ ಏನೂ ಆಗಲಿಲ್ಲ.

ಆಟೋದ ಕುಲುಕಾಟಕ್ಕೆ ನನ್ನ ಒಂದು ಮೂಲೆ ಸೀಳಿತು. ಈಗ ಮತ್ತೆ ಗೋಡೆಯಲ್ಲಿದ್ದೇನೆ. ವರ್ಷ ಮುಗಿಯುತ್ತ ಬಂತು, ಕನ್ನಡದ ಮಾಸ್ಟ್ರು ಬಂದಿಲ್ಲ. ದಿನಾ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ವಿನೀಷರು ಸೀಮೆಸುಣ್ಣ ಹಿಡಿದು ನನ್ನ ಮುಂದೆ ನಿಲ್ಲುತ್ತಾರೆ. ಪಕ್ಕದಲ್ಲಿ ಧನ್ಯಶ್ರೀ.

“ಹರಿ ಅಲ್ಲ ಸರ್, ಭಾಗಿಸು. ಭಾ-ಗಿ-ಸು.”

ಅವರು ಸೊಟ್ಟಸೊಟ್ಟಾಗಿ ಬರೆಯುತ್ತಾರೆ, ಅವಳು ಒರೆಸಿ ತಿದ್ದುತ್ತಾಳೆ. ಮಾಸ್ಟ್ರು ಅಷ್ಟಿಷ್ಟು ಕಲಿತಿದ್ದಾರೆ. ಅವಳ ಲೆಕ್ಕದ ಪಾಠ ಮಾತ್ರ ಇನ್ನೂ ಆ ಎಂಬತ್ತನಾಲ್ಕರಲ್ಲೇ ನಿಂತಿದೆ.