ಎರಡು ಗಂಟೆ ಹತ್ತು ನಿಮಿಷದ ತೀರ್ಪು

ಸಿನಿಮಾ ತೆಗೆಯಲು ನ್ಯೂಯಾರ್ಕಿನಿಂದ ಬಂದವರು ನಮ್ಮೂರಲ್ಲಿ ಮೂರು ವಾರ ಇದ್ದರು. ಮೂರು ವಾರವೂ ಕಪ್ಪು ಬಟ್ಟೆ, ನಿನ್ನೆ ಮೊನ್ನೆ ಇವರ ಮನೆಯಲ್ಲೇ ಯಾರೋ ಸತ್ತಿದ್ದಾರೆ ಎನ್ನುವಂಥ ಮುಖ. ಸಿನಿಮಾ ನಮ್ಮೂರ ಹೆಂಗಸು ಜೋಡೀನಳ ಕೊಲೆಯದು. ಅವಳ ಕೊಲೆಯಾಗಿ ಇಪ್ಪತ್ಮೂರು ವರ್ಷ. ಕೊಂದ ಡ್ವೇನ್ ಕ್ರೆಬ್ಸ್ ಜೈಲು ಸೇರಿ ಇಪ್ಪತ್ತೆರಡು. ಊರವರೇ ಕೂತು ತೀರ್ಪು ಹೇಳುವ ಜ್ಯೂರಿ ಅವನನ್ನು ಒಳಗೆ ಹಾಕಿತ್ತು; ಅದರ ಹನ್ನೆರಡು ಮಂದಿಗೆ ನಾನೇ ಮುಖ್ಯಸ್ಥೆ. ಹಾಗಾಗಿ ನನ್ನ ಬಾಗಿಲನ್ನೂ ತಟ್ಟಿದರು.

"ನಮ್ಮ ಕೆಲಸ ಆವತ್ತೇ ಮುಗೀತು. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ," ಎಂದು ಬಾಗಿಲು ಹಾಕಿದೆ.

ಸಿನಿಮಾ ಟಿ.ವಿ.ಯಲ್ಲಿ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಬೈಯುವುದಕ್ಕೆಂದೇ ಕೂತೆ. ಪಕ್ಕದಲ್ಲಿ ನನ್ನ ಗಂಡ ಗಾರ್ಡಿ, ಅವನ ಮಡಿಲಲ್ಲಿ ಚೀಸಿನ ತಟ್ಟೆ. ಮೊದಲು ಆಕಾಶದಿಂದ ನಮ್ಮ ಕೊಟ್ಟಿಗೆಗಳನ್ನೇ ಹತ್ತು ನಿಮಿಷ ತೋರಿಸಿದರು. ಹಿಂದೆ ಪಿಟೀಲು ಗೋಳೋ ಎನ್ನುತ್ತಿತ್ತು. ಆಮೇಲೆ ಹೆಂಡದಂಗಡಿಯ ಲಾರೇನ್ ಬಂದು ಕಣ್ಣೊರೆಸಿಕೊಂಡಳು.

"ಡ್ವೇನ್ ನಂಗೆ ಒಡಹುಟ್ಟಿದ ತಮ್ಮನ ಹಾಗಿದ್ದ."

"ಥೂ ಇವಳ! ತೀರ್ಪಿನ ದಿನ ಕೋರ್ಟ್ ಬಾಗ್ಲಲ್ಲಿ ನಿಂತು, ನೇಣಿಗೆ ಹಾಕಿ ಅಂತ ಕಿರುಚಿದ್ದು ಯಾರು, ಇವಳಜ್ಜಿನಾ?" ಎಂದೆ.

"ಹೊಸ ಸ್ವೆಟರ್ ಹಾಕ್ಕೊಂಡಿದ್ದಾಳೆ ನೋಡು," ಎಂದ ಗಾರ್ಡಿ. ಇಬ್ಬರೂ ನಕ್ಕೆವು.

ಆಗ ಪಿಟೀಲು ನಿಂತಿತು. ತೆರೆಯ ಮೇಲೆ ಒಂದು ಹಳದಿ ಚೀಟಿ. ದನದ ಮೇವಿನ ಗಿರಣಿಯಲ್ಲಿ ಗಾಡಿ ತೂಗಿದಾಗ ಕೊಡುವ ಚೀಟಿ. ಅದರಲ್ಲಿ ಡ್ವೇನನ ಗಾಡಿಯ ನಂಬರು, ಕೊಲೆಯಾದ ದಿನದ ತಾರೀಖು, ಸಮಯ ಮೂರು ಇಪ್ಪತ್ತೆರಡು, ಕೆಳಗೆ ಅವನದೇ ಸಹಿ. ಜೋಡೀನ್ ಮನೆಯಲ್ಲಿ ಗುಂಡಿನ ಸದ್ದು ಕೇಳಿದ್ದು ಮೂರು ಇಪ್ಪತ್ತಕ್ಕೆ. ಗಿರಣಿ ಅಲ್ಲಿಂದ ಹನ್ನೊಂದು ಮೈಲಿ. ಡ್ವೇನನ ಸೋಮಾರಿ ವಕೀಲ ಅದನ್ನು ಬೇರೆ ಕಾಗದಗಳ ನಡುವೆ ತುರುಕಿ, ಕೋರ್ಟಿನಲ್ಲಿ ಬಾಯೇ ಬಿಟ್ಟಿರಲಿಲ್ಲ.

"ಈ ಚೀಟಿ ಜ್ಯೂರಿಯ ಕೋಣೆಯಲ್ಲೇ ಇತ್ತು, ಹಸಿರು ಕಡತದೊಳಗೆ. ಎರಡು ಗಂಟೆ ಹತ್ತು ನಿಮಿಷದಲ್ಲಿ ಅವರು ತೀರ್ಪು ಕೊಟ್ಟರು," ಎಂದಿತು ಸಿನಿಮಾದ ದನಿ.

ಅಲ್ಲಿಗೆ ನಾನು ಸೋತೆ. ಆ ಕಪ್ಪು ಬಟ್ಟೆಯವರು ಹೇಳಿದ್ದು ನಿಜ. ಅವರಿಗೆ ಗೊತ್ತಿಲ್ಲದ್ದು ಒಂದೇ, ಹಸಿರು ಕಡತವನ್ನು ನಾವು ಬಿಚ್ಚಲೇ ಇಲ್ಲ ಎನ್ನುವುದು.

ತೀರ್ಪಿನ ದಿನ ನವೆಂಬರಿನ ಒಂದು ಶುಕ್ರವಾರ. ಮರುದಿನ ಬೆಳಕು ಹರಿದರೆ, ಸರ್ಕಾರ ವರ್ಷಕ್ಕೊಮ್ಮೆ ಬಿಡುವ ಜಿಂಕೆ ಬೇಟೆ ಶುರು. ಬೇಟೆಯ ವಾರದಲ್ಲಿ ನಮ್ಮೂರಲ್ಲಿ ಮದುವೆಯಿಲ್ಲ, ಸತ್ತವರೂ ಮಣ್ಣಿಗೆ ಹೋಗಲು ಕಾಯಬೇಕು. ಜ್ಯೂರಿಯ ಒಂಬತ್ತು ಮಂದಿಯ ಗಾಡಿಗಳು ಬಂದೂಕು ತುಂಬಿಕೊಂಡು ಹೊರಗೆ ನಿಂತಿದ್ದವು. ಅದರಲ್ಲಿ ನನ್ನದೂ ಒಂದು.

"ಆ ಹಸಿರು ಕಡತನೂ ಒಂದ್ಸಲ ನೋಡ್ಬಿಡೋಣ್ವಾ?" ಎಂದಿದ್ದ ಮುದುಕ ಎಲ್ರಾಯ್ ಬೆನ್ಸ್ಕಿ.

"ನೀನು ಓದ್ತಾ ಕೂತ್ರೆ ಸೋಮವಾರದವರೆಗೂ ಇಲ್ಲೇ ಕೊಳೀಬೇಕು ಮಾರಾಯ! ಜಿಂಕೆ ನಿಂಗೋಸ್ಕರ ಕಾಯ್ಕೊಂಡು ನಿಂತಿರತ್ತಾ?" ಎಂದಿದ್ದೆ ನಾನು.

ಎಲ್ಲರೂ ನಕ್ಕರು. ಎಲ್ರಾಯ್ ಕೂಡ ನಕ್ಕು, ಡ್ವೇನನೇ ಕೊಂದದ್ದು ಎಂದು ನಮ್ಮ ಜೊತೆ ಕೈ ಎತ್ತಿದ. ನಾಚಿಕೆಗೆಟ್ಟವಳು ನಾನು, ಅವನ ಬೆನ್ನನ್ನೂ ತಟ್ಟಿದ್ದೆ.

ಇದನ್ನು ಗಾರ್ಡಿಗೆ ಹೇಳಿದೆ. ಅವನು ಟಿ.ವಿ. ಆರಿಸಿದ.

"ಬಾಯ್ಮುಚ್ಕೊಂಡಿರು ಆರ್ಲಿಸ್. ಎಲ್ರಾಯ್ ಸತ್ತಾಯ್ತು. ಕೋಣೆ ಒಳಗೆ ಆಗಿದ್ದು ಇನ್ಯಾರಿಗೆ ಬೇಕು?"

"ಡ್ವೇನ್‌ಗೆ ಬೇಕು ಕಣೋ."

"ಆಮೇಲೆ ಊರಲ್ಲಿ ನಾವು ತಲೆಯೆತ್ತಿ ಓಡಾಡೋಕಾಗತ್ತಾ?"

"ಅವನು ಓಡಾಡೇ ಇಪ್ಪತ್ತೆರಡು ವರ್ಷ ಆಯ್ತಲ್ಲ."

ಸೋಮವಾರ ಬೆಳಿಗ್ಗೆ ಡ್ವೇನನ ಈಗಿನ ವಕೀಲೆಗೆ ಫೋನ್ ಮಾಡಿದೆ. ಷಿಕಾಗೋದ ಹುಡುಗಿ, ಮಾತು ಚುರುಕು.

"ಕಡತ ಯಾಕೆ ಬಿಚ್ಚಲಿಲ್ಲ ಮೇಡಂ?"

"ಮಾರನೇ ದಿನ ಜಿಂಕೆ ಬೇಟೆ ಶುರುವಾಗೋದಿತ್ತು."

"ಅದಕ್ಕೂ ಇದಕ್ಕೂ ಏನು ಸಂಬಂಧ?"

ನಮ್ಮೂರಿನವರು ಯಾರೂ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿಯೇ ನನಗೆ ಹೇಸಿಗೆಯಾಯಿತು.

"ಇದನ್ನ ಡ್ವೇನ್‌ಗೆ ನಾನು ಹೇಳ್ಲಾ, ಇಲ್ಲ ನೀವೇ ಹೇಳ್ತೀರಾ?"

"ನಾನೇ ಬಂದು ಹೇಳ್ತೀನಿ."

ಜೈಲಿನಲ್ಲಿ ಭೇಟಿಗೆ ಗುರುವಾರ ಬಿಡುತ್ತಾರಂತೆ. ತೀರ್ಪು ಕೊಟ್ಟ ಆ ವರ್ಷ ನನಗೆ ಒಂದು ಜಿಂಕೆಯೂ ಸಿಕ್ಕಿರಲಿಲ್ಲ. ಅವನು ಕೇಳಿದರೆ ಅದನ್ನೂ ಹೇಳಬೇಕು.