ಮಿಸ್ತ್ರಿಯ ಮೊದಲ ಸಹಿ

ಐದು ಗಂಟೆಯೊಳಗೆ ಎಲ್ಲರ ಸಹಿ ಆಗಬೇಕು ಎಂದು ಮ್ಯಾನೇಜರ್ ಸೋಮೇಶ ಬೆಳಿಗ್ಗೆಯೇ ಹೇಳಿದ್ದ. ಈಗ ನಾಲ್ಕೂ ಇಪ್ಪತ್ತು. ಹತ್ತಿಯಿಂದ ಬೀಜ ಬಿಡಿಸುವ ಬೆಟಗೇರಿಯ ಆ ಜಿನ್ನಿಂಗ್ ಫ್ಯಾಕ್ಟರಿಯ ಆಫೀಸಿನ ಮುಂದೆ ನಲವತ್ತು ಮಂದಿ ಸಾಲಾಗಿ ನಿಂತಿದ್ದರು. ಒಳಗೆ, ಕುರ್ಚಿಯ ಅಂಚಿನಲ್ಲಿ, ರೋಲರುಗಳ ಮಿಸ್ತ್ರಿ ಇಸ್ಮಾಯಿಲಸಾಬ ಕೂತಿದ್ದ. ಲಕ್ಷ್ಮೇಶ್ವರದಿಂದ ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಬಂದುಹೋಗಿ ಮಾಡಿದ ನೌಕರಿ ಇವತ್ತಿಗೆ ಮುಗಿಯುವುದಿತ್ತು. ಹಳೆಯ ಯಂತ್ರಗಳನ್ನು ಮಾರಿ, ಶೆಡ್ಡಿಗೆ ಬೀಗ ಹಾಕುವುದೆಂದು ಮಾಲಕರು ಗೊತ್ತುಮಾಡಿದ್ದರು.

ಸಾಲು ಅಲುಗದೆ ನಿಂತಿದ್ದು ಅವನಿಂದಲೇ. ಯಾರೂ ಬರೆದಿಡದ ಪದ್ಧತಿಯೊಂದು ಅಲ್ಲಿತ್ತು. ಹಂಗಾಮು ಶುರುವಾದಾಗ ಮೊದಲ ಹಿಡಿ ಹತ್ತಿಯನ್ನು ರೋಲರಿಗೆ ಕೊಡುವವನು ಮಿಸ್ತ್ರಿ; ಬೋನಸ್ಸಿನ ಕಾಗದವಿರಲಿ, ಪಿಎಫ್ ಕಾಗದವಿರಲಿ, ಮೊದಲ ಸಹಿಯೂ ಅವನದೇ. ಅವನು ಹಾಕಿದಂತೆ ಉಳಿದವರು ಹಾಕುತ್ತಿದ್ದರು, ಓದುವ ಉಸಾಬರಿಗೆ ಹೋಗುತ್ತಿರಲಿಲ್ಲ. ಇದು ಗೊತ್ತಿದ್ದೇ ಸೋಮೇಶ ಅವನನ್ನು ಮೊದಲು ಕರೆದಿದ್ದ.

ಮೇಜಿನ ಮೇಲೆ ಗುಂಡುಸೂಜಿ ಚುಚ್ಚಿದ ಎರಡು ಹಾಳೆ. ಒಂದರಲ್ಲಿ ಕಾಯ್ದೆಯಂತೆ ಬರುವ ಪರಿಹಾರ, ವರ್ಷಕ್ಕೆ ಹದಿನೈದು ದಿನದ ಪಗಾರ. ಅದು ಹೆಡ್ ಆಫೀಸಿನಿಂದ ಬರಲು ಎರಡು ತಿಂಗಳಂತೆ. ಇನ್ನೊಂದರಲ್ಲಿ ಕಂಪನಿ ತಾನಾಗಿ ಕೊಡುವ ಐದು ತಿಂಗಳ ಪಗಾರ, ಎಂಬತ್ತು ಸಾವಿರ. ಅದರ ಚೆಕ್ಕು ಸೋಮೇಶನ ಡ್ರಾಯರಿನಲ್ಲೇ ಇತ್ತು. ಮಗಳು ಜಾಸ್ಮಿನಳ ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ಫೀ ಎಪ್ಪತ್ತೆರಡು ಸಾವಿರ. ಸೋಮವಾರ ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು.

"ಒಂದ ಮಾತ ಕೇಳಲೇನ್ರಿ, ಸಾಹೇಬ್ರ?" ಎಂದ ಇಸ್ಮಾಯಿಲಸಾಬ. "ಎರಡನೇ ಸಲ ಚಹಾ ಕೇಳಿದ್ದಕ್ಕ ಹೋದ ವರ್ಷ ಮಾಲಕರು ನೋಟೀಸ್ ಹಚ್ಚಿಸಿದ್ರು. ಈಗ ಕಾಯ್ದೆದಾಗ ಇಲ್ಲದ ರೊಕ್ಕ ಯಾಕ ಕೊಡಾಕತ್ತಾರ?"

ಸೋಮೇಶ ಪೆನ್ನಿನ ಮುಚ್ಚಳ ತೆಗೆದು ಅವನ ಮುಂದಿಟ್ಟ. "ಕೆಲಸದಿಂದ ತಗದವರನ್ನ ಹೆಂಗ ಕಳಸ್ತೀವಿ ಅನ್ನೋದನ್ನ ಊರು ನೋಡತೈತಿ, ಮಿಸ್ತ್ರಿ. ಮುಂಡರಗಿ ಕಡೆ ಹೊಸಾ ಫ್ಯಾಕ್ಟರಿ ಹಾಕವರದೀವಿ. ನಿಮ್ಮನ್ನ ಬರಿಗೈಲೆ ಕಳಿಸಿದ್ರ ನಾಳೆ ಅಲ್ಲಿ ಯಾರ ಬರ್ತಾರ? ಬ್ಯಾರೆ ಕೆಲಸ ಸಿಗೂತನಕ ನಿಮಗೂ ಒಂದೀಟು ಆಸರ ಆಗತೈತಿ. ಜಗಳ ಇಲ್ದಂಗ ಬಿಟ್ರ ಇಬ್ಬರಿಗೂ ಚಲೋ."

ಸೋಮೇಶ ಸುಳ್ಳು ಹೇಳುತ್ತಿರಲಿಲ್ಲ. ಇಸ್ಮಾಯಿಲಸಾಬ ಎರಡನೆಯ ಹಾಳೆಯ ಅಕ್ಷರಗಳ ಕೆಳಗೆ ಬೆರಳಿಟ್ಟು ಮೆಲ್ಲಗೆ ಓದುತ್ತ ಹೋದ. ಕೆಳಗಿನಿಂದ ನಾಲ್ಕನೆಯ ಸಾಲಿಗೆ ಬೆರಳು ನಿಂತಿತು. ಫ್ಯಾಕ್ಟರಿಯಲ್ಲಿ ನಡೆದ ಯಾವ ಅಪಘಾತದ ಬಗ್ಗೆಯೂ ಕಂಪನಿಯ ವಿರುದ್ಧ ದಾವೆ ಹೂಡುವುದಿಲ್ಲ, ಸಾಕ್ಷಿ ಹೇಳುವುದಿಲ್ಲ.

"ನೀವು ಹೇಳಿದ್ದೆಲ್ಲ ಖರೆ ಇರಬಹುದ್ರಿ. ಅದಕ್ಕ ಈ ಸಾಲು ಬೇಕಾಗಿದ್ದಿಲ್ಲ."

"ಅದು ಎಲ್ಲಾರ ಕಾಗದದಾಗೂ ಐತಿ."

ಎಲ್ಲರ ಕಾಗದದಲ್ಲಿ ಇದ್ದರೂ ಅದು ಬೇಕಾಗಿದ್ದು ಅವನೊಬ್ಬನ ಸಲುವಾಗಿ. ಜನವರಿಯಲ್ಲಿ ಹತ್ತಿ ತುಂಬಿದ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿದ್ದವು. ರೋಲರಿನ ಮುಂದೆ ಕೈ ಹೋಗದಂತೆ ಹಾಕಿದ ಕಬ್ಬಿಣದ ಜಾಲರಿಯಿಂದ ಕೆಲಸ ತಡವಾಗುತ್ತದೆ, ತೆಗೆ ಎಂದ ಸೋಮೇಶ. ಇಸ್ಮಾಯಿಲಸಾಬ ತನ್ನ ಪಾನಾದಿಂದಲೇ ಬೋಲ್ಟು ಬಿಚ್ಚಿದ. ಮೂರನೆಯ ದಿನ ಹತ್ತಿ ಹಾಕುವ ಮಂಜವ್ವನ ಬಲಗೈಯ ಎರಡು ಬೆರಳು ಹೋದವು. ಅವಳ ಕೇಸು ಇನ್ನೂ ನಡೆಯುತ್ತಿತ್ತು. ಜಾಲರಿ ಇದ್ದೇ ಇತ್ತು, ಅವಳೇ ಮೇಲಿನಿಂದ ಕೈ ಹಾಕಿದಳು ಎನ್ನುತ್ತಿತ್ತು ಕಂಪನಿ.

ಬಾಗಿಲಿನಿಂದ ವೀರು ಇಣುಕಿದ. ಹತ್ತಿಯ ಬೇಲು ಕಟ್ಟುವವನು, ಬಾಯಿ ಸುಮ್ಮನಿರದವನು. "ಮಿಸ್ತ್ರಿ, ನಿಕಾಹದಾಗ ಕಬೂಲ್ ಅನ್ನಾಕೂ ಇಷ್ಟ ಹೊತ್ತ ತಗೊಂಡಿದ್ರೇನ?"

ಹೊರಗೆ ಒಂದಿಬ್ಬರು ನಕ್ಕರು. ಅವರನ್ನು ಸರಿಸಿಕೊಂಡು ಮಂಜವ್ವ ಒಳಗೆ ಬಂದಳು. ಬಲಗೈಯನ್ನು ಸೆರಗಿನೊಳಗೆ ಇಟ್ಟಿದ್ದಳು.

"ಅಣ್ಣಾ, ಸಹಿ ಹಾಕು. ಹುಡುಗಿ ಫೀ ಕಟ್ಟೂದೈತಿ. ನಂದು ಹೆಂಗಾರ ಆಗತೈತಿ."

ಎಂಟು ತಿಂಗಳು ಹೇಳದೆ ಇಟ್ಟುಕೊಂಡಿದ್ದ ಮಾತು ಅವನ ಬಾಯಿಗೆ ಬಂತು. "ಜಾಲರಿ ತಗದಾವ ನಾನ, ತಂಗಿ."

"ಗೊತ್ತೈತಿ. ನೀ ಬೋಲ್ಟ ಬಿಚ್ಚುವಾಗ ನಾ ಅಲ್ಲೇ ಚಹಾ ಕುಡ್ಯಾಕತ್ತಿದ್ದೆ. ತಗಿ ಅಂದಾವ್ರು ಯಾರು ಅನ್ನೋದೂ ಗೊತ್ತೈತಿ."

ಸೋಮೇಶ ಮೇಜಿನ ಮೇಲೆ ಬಾಗಿದ. ದನಿ ತಗ್ಗಿಸಿ, "ಮಿಸ್ತ್ರಿ, ವಿಚಾರ ಮಾಡ್ರಿ. ಇದನ್ನ ಹೊರಗ ಹೇಳಿದ್ರ ಮೊದಲ ನಿಮ್ಮ ಕೊರಳಿಗೇ ಬರತೈತಿ," ಎಂದ.

"ಹೌದ್ರಿ. ಬರತೈತಿ."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಇಸ್ಮಾಯಿಲಸಾಬ ಹಾಳೆಗಳ ಗುಂಡುಸೂಜಿ ಕಿತ್ತ. ಎಣ್ಣೆ ಮೆತ್ತಿ ಕಪ್ಪಾದ ಬೆರಳುಗಳಿಗೆ ಅದು ಸಲೀಸಾಗಿ ಸಿಗಲಿಲ್ಲ, ಎರಡು ಸಲ ಜಾರಿತು. ಮೊದಲನೆಯ ಹಾಳೆಗೆ ಸಹಿ ಹಾಕಿದ. ಎರಡನೆಯದನ್ನು ಸೋಮೇಶನ ಕಡೆ ಸರಿಸಿ, ಅದರ ಮೇಲೆ ಸೂಜಿ ಇಟ್ಟ.

"ಅದು ನಮ್ಮ ದುಡಿಮಿದು, ತಗೊಂತೀನಿ. ಇದು ನಿಮ್ಮದು."

"ಚೆಕ್ ಸಿಗೂದಿಲ್ಲ ನಿಮಗ."

"ತಿಳೀತ್ರಿ."

ಅವನು ಎದ್ದ ಕುರ್ಚಿಯಲ್ಲಿ ವೀರು ಬಂದು ಕೂತ. ಮೇಜನ್ನು ನೋಡಿದ, ಮಿಸ್ತ್ರಿಯನ್ನು ನೋಡಿದ. ಈಗ ಅವನ ಬಾಯಲ್ಲಿ ಚೇಷ್ಟೆ ಇರಲಿಲ್ಲ. "ಮಿಸ್ತ್ರಿ ಹಾಕಿದಂಗ ಹಾಕೂದು," ಎಂದು ತನ್ನ ಹಾಳೆಗಳ ಸೂಜಿಗೆ ಉಗುರು ಹಾಕಿದ. ಫೈಲು ಮುಚ್ಚಲು ಚಾಚಿದ ಸೋಮೇಶನ ಕೈ, ಬಾಗಿಲಲ್ಲಿ ಸೇರಿದ್ದ ಮಂದಿಯನ್ನು ಕಂಡು ಅಲ್ಲೇ ನಿಂತಿತು. ಮೂರನೆಯವನಾದ ಮುಸ್ತಾಕ ತಲೆ ಎತ್ತದೆ ಎರಡಕ್ಕೂ ಸಹಿ ಹಾಕಿ ಚೆಕ್ಕು ಇಸಿದುಕೊಂಡ. ಅವನ ಮನೆಯ ತಾಪತ್ರಯ ಗೊತ್ತಿದ್ದ ಇಸ್ಮಾಯಿಲಸಾಬ ಅವನ ಹೆಗಲು ತಟ್ಟಿ ಹೊರಗೆ ನಡೆದ.

ಗೇಟಿನ ತನಕ ಮಂಜವ್ವ ಬಂದಳು. "ಹದಿನೇಳಕ್ಕ ಕೇಸಿನ ತಾರೀಖ ಐತಿ, ಅಣ್ಣಾ."

"ಬರ್ತೀನಿ."

ಬಸ್ಸು ಹತ್ತುವ ಮೊದಲೇ ಜಾಸ್ಮಿನಳ ಫೋನು ಬಂತು. "ಅಬ್ಬಾ, ಚೆಕ್ ಬಂತೇನ?"

"ಇಲ್ಲ, ಬೇಟಾ. ಸೋಮವಾರ ನಿನ್ನ ಕೂಡ ನಾನೂ ಕಾಲೇಜಿಗೆ ಬರ್ತೀನಿ. ಎರಡ ತಿಂಗಳ ಗಡುವು ಕೇಳೂಣು."

"ಕೊಡದಿದ್ರ?"

ಕಂಡಕ್ಟರ್ ಸೀಟಿ ಊದಿದ. ಇಸ್ಮಾಯಿಲಸಾಬ ಫೋನನ್ನು ಕಿವಿಗೆ ಒತ್ತಿಕೊಂಡೇ ಬಸ್ಸು ಹತ್ತಿದ. "ಮನಿಗೆ ಬಂದು ಹೇಳ್ತೀನಿ. ಎಲ್ಲಾ ಹೇಳ್ತೀನಿ. ಬೋಲ್ಟ ಬಿಚ್ಚಿದ್ದರಿಂದ ಹಿಡದು."